ಅಂಗಳದಲ್ಲಿ ಬರೆದ ಜಪಾನಿ ಅಕ್ಷರ

ಹಳೆಯ ಲ್ಯಾಪ್‌ಟಾಪನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಒರೆಸೋಣವೆಂದು ಕೂತಿದ್ದೆ. ಮಗುಚಿ ತಟ್ಟಿದರೆ ಕೀಲಿಗಳ ಸಂದಿಯಿಂದ ಬಿಳಿ ಪುಡಿ ಉದುರಿತು. ಬೆರಳಿಗೆ ಹಚ್ಚಿಕೊಂಡು ತಿಕ್ಕಿ ನೋಡಿದೆ. ರಂಗೋಲಿ ಪುಡಿ. ಇಷ್ಟು ವರ್ಷ ಅಲ್ಲೇ ಕೂತಿತ್ತು ಅದು... ತಟ್ಟನೆ ಕೈ ಕೊಡವಿಕೊಂಡೆ. ರಂಗೋಲಿ ಪುಡಿ ಕಂಡು ಯಾರಾದರೂ ಹೆದರುತ್ತಾರೇನು ಎಂದು ನೀವು ನಗಬಹುದು. ನಾನು ಹೆದರುತ್ತೇನೆ.

ಆ ಪುಡಿ ಎದುರುಮನೆ ವೈನಿಯ ಬೆರಳಿನದು.

ಮಿಶ್ರಿಕೋಟಿಯಿಂದ ಸ್ವಲ್ಪ ಒಳಗೆ ನಮ್ಮೂರು. ಹುಬ್ಬಳ್ಳಿಯಲ್ಲಿ ಡಿಗ್ರಿ ಮುಗಿಸಿ, ಕಂಪ್ಯೂಟರ್ ಕೋರ್ಸನ್ನೂ ಮಾಡಿಕೊಂಡು, ಅರ್ಜಿ ಹಾಕುತ್ತ ನಾನು ಮನೆಯಲ್ಲಿ ಕೂತಿದ್ದ ಕಾಲ ಅದು. ವೈನಿ ಎಂದರೆ ನಮ್ಮ ಕಡೆ ಅತ್ತಿಗೆ; ನನಗಿಂತ ತುಸು ಹಿರಿಯರಾದ್ದರಿಂದ ಹಾಗೆ ಕರೆಯುತ್ತಿದ್ದೆ. ಮದುವೆಗೆ ಮೊದಲು ನರ್ಸಿಂಗ್ ಓದಿದ್ದರು. ಗಂಡ ಅಪಘಾತದಲ್ಲಿ ಹೋದ ಮೇಲೆ ಮತ್ತೆ ಆಸ್ಪತ್ರೆ ಕೆಲಸಕ್ಕೆ ಹೋಗುತ್ತೇನೆಂದದ್ದಕ್ಕೆ ಅತ್ತೆ ಅನ್ನನೀರು ಬಿಟ್ಟು ಕೂತಿದ್ದರು, ಮೈದುನ ಫೋನು ಕಸಿದುಕೊಂಡಿದ್ದ. ಹಿರಿಯರು ಬುದ್ಧಿ ಹೇಳಿದ ಮೇಲೆ ಫೋನೇನೋ ಮರಳಿ ಬಂತು. ಕೆಲಸದ ಮಾತು ಮಾತ್ರ ಆ ಮನೆಯಲ್ಲಿ ಮತ್ತೆ ಏಳಲಿಲ್ಲ.

ಅಂಥ ವೈನಿ ಒಂದು ದಿನ ಹೆಪ್ಪು ಕೇಳುವ ನೆವದಲ್ಲಿ ಬಂದು, ಬಾಗಿಲು ಮುಂದೆ ಮಾಡಿ, ಪಿಸುಗುಟ್ಟಿದರು. ಜಪಾನಿನಲ್ಲಿ ಮುದುಕರನ್ನು ನೋಡಿಕೊಳ್ಳಲು ನರ್ಸಿಂಗ್ ಕಲಿತವರು ಬೇಕಂತೆ. ಜೊತೆಗೆ ಓದಿದ ಗೆಳತಿ ಆಗಲೇ ಹೋಗಿದ್ದಾಳಂತೆ. ಭಾಷೆಯ ಪರೀಕ್ಷೆ ಒಂದು ಪಾಸಾಗಬೇಕು. ಅದರಲ್ಲಿ ಕಾಂಜಿ ಎಂಬ ಚಿತ್ರದಂಥ ಅಕ್ಷರಗಳು, ಒಂದೊಂದಕ್ಕೂ ಒಂದೊಂದು ಅರ್ಥ.

"ಮಾತು ಹೆಂಗೋ ಬರ್ತಾವು ತಂಗಿ. ಈ ಅಕ್ಷರ ಮಾತ್ರ ತಲಿಯಾಗ ನಿಲ್ಲವಲ್ಲವು. ಕಂಪ್ಯೂಟರಿನ್ಯಾಗ ಏನರ ಮಾಡಿ ಕೊಡ್ತಿಯೇನು?"

ಮಾಡಿಕೊಟ್ಟೆ. ದೊಡ್ಡ ವಿದ್ಯೆಯೇನಲ್ಲ, ಸಾದಾ ವೆಬ್ ಪುಟಗಳು. ಒಂದು ಪುಟಕ್ಕೆ ಒಂದು ಅಕ್ಷರ, ಕೆಳಗೊಂದು ಗುಂಡಿ. ಒತ್ತಿದರೆ ಕನ್ನಡದಲ್ಲಿ ಅರ್ಥ. ನೆಟ್‌ವರ್ಕ್ ಇಲ್ಲದಿದ್ದರೂ ಫೋನಿನಲ್ಲಿ ತೆರೆಯುವಂತೆ ಮಾಡಿದ್ದೆ. ನನಗೋ ಹೆಮ್ಮೆ. ವೈನಿ ನೋಡಿ ಮುಖ ಸಣ್ಣದು ಮಾಡಿದರು. "ಚುಕ್ಕಿ ಇಲ್ಲದ ಗೆರಿ ಹೆಂಗ ಎಳೀಲಿ?" ಅಂದರು. ಚಿಕ್ಕಂದಿನಿಂದ ಚುಕ್ಕಿ ಇಟ್ಟು ರಂಗೋಲಿ ಹಾಕಿದ ಕೈ ಅದು. ಆಗ ಪ್ರತಿ ಅಕ್ಷರದ ಹಿಂದೆ ಸಾಲು ಸಾಲು ಚುಕ್ಕಿ ಇಟ್ಟೆ. ಗುಂಡಿ ಒತ್ತಿದಂತೆಲ್ಲ ಒಂದೊಂದೇ ಗೆರೆ, ಬರೆಯಬೇಕಾದ ಕ್ರಮದಲ್ಲೇ ಮೂಡುವಂತೆ ಮಾಡಿದೆ. ಅಷ್ಟೇ ನೋಡಿ, ಅಕ್ಷರಗಳು ಅವರಿಗೆ ಒಲಿದವು. ಕೊನೆಯ ಪುಟದಲ್ಲಿ ಮಾತ್ರ ಬರೀ ಚುಕ್ಕಿ ಇಡಿಸಿಕೊಂಡರು.

"ಯಾವ ಊರಿಗೆ ಹೋಗ್ತೀನಿ ಅನ್ನೂದು ಗೊತ್ತಾದ ಮ್ಯಾಲ ಆ ಊರಿನ ಅಕ್ಷರ ಹಾಕೂಣು."

ಬರೆದು ಕಲಿಯಲು ಪುಸ್ತಕ ಇಟ್ಟರೆ ಸಿಕ್ಕಿಬೀಳುವ ಭಯ. ಅದಕ್ಕೆ ವೈನಿ ಅಂಗಳವನ್ನೇ ಬರೆಯುವ ಪಾಟಿ ಮಾಡಿಕೊಂಡರು. ನಸುಕಿನಲ್ಲಿ ಸಗಣಿ ಸಾರಿಸಿ, ರಂಗೋಲಿಯ ಹೂಬಳ್ಳಿಯ ನಡುವೆ ಅವತ್ತಿನ ಅಕ್ಷರ. ಮಧ್ಯಾಹ್ನದೊಳಗೆ ಮಂದಿ, ಕೋಳಿ, ಕರು ಎಲ್ಲ ತುಳಿದು ಅಳಿಸಿಬಿಡುತ್ತಿದ್ದರು. ನಾನು ನಮ್ಮ ಕಟ್ಟೆಯ ಮೇಲೆ ನಿಂತು ಓದಿ ನಗುತ್ತಿದ್ದೆ. ವೈನಿ ಮಾತ್ರ ಅತ್ತೆ ಕೆಮ್ಮಿದರೂ ಬೆಚ್ಚುತ್ತಿದ್ದರು. ಕೈ ತೊಳೆಯಲೂ ಪುರುಸೊತ್ತಿಲ್ಲದೆ ಹೆಪ್ಪಿನ ಬಟ್ಟಲು ಹಿಡಿದು ಬಂದು, ಅದೇ ಬೆರಳಿನಿಂದ ನನ್ನ ಲ್ಯಾಪ್‌ಟಾಪಿನ ಕೀಲಿ ಒತ್ತುತ್ತಿದ್ದರು. "ದಿನಾ ಹೆಪ್ಪು ಒಯ್ತಾಳ, ಅವರ ಮನ್ಯಾಗ ಮೊಸರು ಮಾತ್ರ ಕಾಣೂದಿಲ್ಲ" ಎಂದು ಅವ್ವ ಗೊಣಗುತ್ತಿದ್ದಳು.

ಅವತ್ತು ಅಮಾವಾಸ್ಯೆ. ಅವತ್ತಿನ ಅಕ್ಷರ ಔಷಧ. ಮೇಲೆ ಹುಲ್ಲಿನ ಗುರುತು, ಕೆಳಗೆ ಮರ, ನಡುವೆ ಪೆಟ್ಟಿಗೆಯಂಥದ್ದು, ಅದರ ಎರಡೂ ಬದಿಗೆ ಪುಟ್ಟ ಗೆರೆಗಳು. ಗೊತ್ತಿಲ್ಲದವರು ನೋಡಿದರೆ ಕೈಕಾಲು ಚಾಚಿದ ಗೊಂಬೆ. ಅಮಾವಾಸ್ಯೆಯ ದಿನ ಹೊಸ್ತಿಲ ಮುಂದೆ ಗೊಂಬೆ! ನಮ್ಮ ಕಡೆ ಅದಕ್ಕಿಂತ ಕೆಟ್ಟದ್ದು ಬೇಕೇ? ನಾವಿಬ್ಬರೂ ಕಲಿತ ಹುಚ್ಚಿಯರು, ಅದೊಂದು ಹೊಳೆಯಲಿಲ್ಲ.

ಬಿಸಿಲೇರುವ ಹೊತ್ತಿಗೆ ಮೈದುನನ ಕೂಸಿಗೆ ಜ್ವರ ಏರಿ, ಕಣ್ಣು ಮೇಲಾಗಿ, ಮೈ ಸೆಟೆದುಕೊಂಡಿತು. ಅದರ ತಾಯಿ ಕೂಸನ್ನೆತ್ತಿಕೊಂಡು ಚೀರುತ್ತ ಹೊರಗೆ ಓಡಿಬಂದಳು. ಹಿಂದೆಯೇ ಬಂದ ಅತ್ತೆಯ ಕಣ್ಣು ಅಂಗಳದ ಮೇಲೆ ಬಿತ್ತು.

"ಯವ್ವಾ! ಮಾಟ ಮಾಡ್ಸ್ಯಾರ! ನಮ್ಮ ಬಾಗಲದಾಗ ಗೊಂಬಿ ಬರದಾರ!"

ಓಣಿಗೆ ಓಣಿಯೇ ಕೂಡಿತು. ಒಬ್ಬಳು ಮೊನ್ನೆ ಮೂರು ದಾರಿ ಕೂಡುವಲ್ಲಿ ನಿಂಬೆಹಣ್ಣು ಕಂಡೆನೆಂದಳು. ಇನ್ನೊಬ್ಬಳು, ಈ ಮನೆಯಲ್ಲಿ ರಂಗೋಲಿ ಹಾಕುವವರು ಯಾರು ಎಂದು ವೈನಿಯ ಕಡೆ ತಿರುಗಿದಳು. ಗಂಡನಿಲ್ಲದವಳು, ಮಕ್ಕಳಿಲ್ಲದವಳು... ಆ ಮಾತನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ. ಆದರೆ ಕೂಸಿಗೂ ವೈನಿಗೂ ನಡುವೆ ಎಲ್ಲರೂ ಅಡ್ಡ ನಿಂತರು. "ಮಗ್ಗಲಾಗಿ ಮಲಗಸ್ರಿ" ಎಂದು ವೈನಿ ಕೈ ಚಾಚಿದರೆ, ಮೈದುನ "ಮುಟ್ಟಬ್ಯಾಡ!" ಎಂದು ಗುಡುಗಿದ. ಮಾಟ ತೆಗೆಯುವವನ ಹತ್ತಿರ ಒಯ್ಯುತ್ತೇನೆಂದು ಬೈಕು ಚಾಲೂ ಮಾಡಿದ.

ನಾನು ಕಟ್ಟೆಯ ಕಂಬ ಹಿಡಿದು ನಿಂತಿದ್ದೆ. ಅದೇ ಗೊಂಬೆ ನಮ್ಮ ಮನೆಯೊಳಗೆ, ನನ್ನ ಲ್ಯಾಪ್‌ಟಾಪಿನಲ್ಲೂ ಇತ್ತು. ಅವ್ವ ನನ್ನ ಮುಖ ನೋಡಿ ರಟ್ಟೆ ಹಿಡಿದು, "ನಿನಗೇನರ ಗೊತ್ತೈತೇನು ಲೇ?" ಅಂದಳು. ನಾನು ರಟ್ಟೆ ಕೊಸರಿಕೊಂಡು ಮತ್ತೆ ಕಂಬ ಹಿಡಿದೆ. ವೈನಿ ಸುಮ್ಮನಿದ್ದರೆ ಕೂಸು ಮಾಟದವನ ಪಾಲು. ಬಾಯಿ ಬಿಟ್ಟರೆ ಜಪಾನು ಅಲ್ಲಿಗೇ ಮುಗಿಯಿತು. ಅವರು ಒಮ್ಮೆ ನನ್ನ ಕಡೆ ನೋಡಿದರು. ಅಷ್ಟು ಹೆದರಿದ ಕಣ್ಣುಗಳನ್ನು ನಾನು ಮತ್ತೆಲ್ಲೂ ನೋಡಿಲ್ಲ. ಆಮೇಲೆ ಬೈಕಿಗೆ ಅಡ್ಡ ಹೋಗಿ ನಿಂತು ಫೋನು ತೆಗೆದರು.

"ಮಾಟ ಅಲ್ಲರಿ ಇದು. ಜಪಾನಿ ಅಕ್ಷರ, ಔಷಧ ಅಂತ ಅರ್ಥ. ನಾನ ಬರದೀನಿ. ಅಲ್ಲಿ ನೌಕರಿಗೆ ಹೋಗಾಕ ಕಲ್ಯಾಕತ್ತೇನಿ. ನನ್ನ ಆಮ್ಯಾಲ ಬಡೀರಿ, ಮೊದಲ ಕೂಸಿನ್ನ ಕಲಘಟಗಿ ದವಾಖಾನಿಗೆ ಒಯ್ರಿ."

ಗುಂಡಿ ಒತ್ತಿದರು. ಚುಕ್ಕಿಗಳ ಮೇಲೆ ಒಂದೊಂದೇ ಗೆರೆ ಮೂಡಿ, ಕೊನೆಗೆ ಕನ್ನಡದಲ್ಲಿ ‘ಔಷಧ’ ಎಂದು ಬಂತು. ಮೈದುನ ಒಮ್ಮೆ ಫೋನು ನೋಡಿದ, ಒಮ್ಮೆ ಅಂಗಳ ನೋಡಿದ. ಹೆಂಡತಿ ಕೂಸನ್ನು ಅವುಚಿಕೊಂಡು ಹಿಂದೆ ಕೂತಳು. ಬೈಕು ಕಲಘಟಗಿಯ ದಾರಿ ಹಿಡಿಯಿತು.

ಕೂಸು ಉಳಿಯಿತು. ಆದರೆ ಮಾಟದ ಭಯ ಎದ್ದುಹೋದ ಜಾಗದಲ್ಲಿ ಆ ಮನೆಗೆ ಇನ್ನೊಂದು ಭಯ ಬಂದು ಕೂತಿತು. ಸೊಸೆ ಸಮುದ್ರ ದಾಟಿ ಹೋದರೆ ಮಂದಿ ಏನಂದಾರು? ಸಂಜೆಯೊಳಗೆ ವೈನಿಯ ಫೋನು ಮತ್ತೆ ಮೈದುನನ ಕೈ ಸೇರಿತು. ವೈನಿ ಹೆಪ್ಪಿಗೆ ಬರುವುದು ನಿಂತಿತು. ನಾನೇ ಹೋದರೆ ಅತ್ತೆ ಬಾಗಿಲಲ್ಲೇ ತಡೆದು, "ಮಲಗ್ಯಾಳವ್ವಾ" ಅನ್ನುತ್ತಿದ್ದರು. ಪರೀಕ್ಷೆಯ ದಿನ ಬಂತು, ಹೋಯಿತು. ಒಂದು ಮುಂಜಾನೆ ಕುಬಿಹಾಳದಿಂದ ಅವರ ಅಣ್ಣ ಬಂದು ತವರಿಗೆ ಕರೆದೊಯ್ದ. ಗಾಡಿ ಹತ್ತುವಾಗ ವೈನಿ ನಮ್ಮ ಕಟ್ಟೆಯ ಕಡೆ ನೋಡಿದರು... ನೋಡಿದರು ಎಂದು ನಾನು ಅಂದುಕೊಂಡಿದ್ದೇನೆ.

ಆಮೇಲೆ ಸುದ್ದಿಯಿಲ್ಲ. ಹಳೆಯ ನಂಬರಿಗೆ ರಿಂಗೇ ಆಗುವುದಿಲ್ಲ. ಒಮ್ಮೆ ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಆ ಅಣ್ಣ ಸಿಕ್ಕಿದ್ದ. "ವೈನಿ ಆರಾಮ ಅದಾರೇನ್ರಿ?" ಎಂದೆ. "ನಮ್ಮ ಮನ್ಯಾಗ ಇಲ್ಲವ್ವಾ" ಎಂದು ಮುಖ ತಿರುಗಿಸಿ ಬಸ್ಸು ಹತ್ತಿದ. ಮತ್ತೆಲ್ಲಿದ್ದಾರೆ ಎಂದು ಕೇಳಲು ಹೆದರಿ ನನ್ನ ಬಸ್ಸಿನ ಕಡೆ ನಡೆದೆ. ಜಪಾನಿಗೆ ಹೋಗಿರಬಹುದು ಎಂದುಕೊಳ್ಳುತ್ತೇನೆ. ಮತ್ತೊಂದು ಯೋಚನೆಯೂ ಬರುತ್ತದೆ. ಅದನ್ನು ಬರೆಯಲು ಭಯವಾಗುತ್ತದೆ.

ಎದುರುಮನೆಯ ಹೊಸ್ತಿಲಿಗೆ ಈಗ ಪ್ಲಾಸ್ಟಿಕ್ ರಂಗೋಲಿ ಅಂಟಿಸಿದ್ದಾರೆ. ಆ ಕೂಸು ದಿನಾ ಅದರ ಮೇಲೆ ಕಾಲಿಟ್ಟು ಶಾಲೆಗೆ ಓಡುತ್ತದೆ. ತನಗೊಬ್ಬ ದೊಡ್ಡವ್ವ ಇದ್ದಳೆಂದು ಅದಕ್ಕೆ ಯಾರೂ ಹೇಳಿದಂತಿಲ್ಲ.

ಲ್ಯಾಪ್‌ಟಾಪಿಗೆ ಚಾರ್ಜರ್ ಹಚ್ಚಿದೆ. ನಿಧಾನಕ್ಕೆ ಹೊತ್ತಿಕೊಂಡಿತು. ಪುಟಗಳೆಲ್ಲ ಹಾಗೇ ಇದ್ದವು. ಒತ್ತುತ್ತ ಒತ್ತುತ್ತ ಕೊನೆಯದಕ್ಕೆ ಬಂದೆ. ಬರೀ ಚುಕ್ಕಿ. ಗುಂಡಿ ಒತ್ತಿದೆ, ಮತ್ತೊಮ್ಮೆ ಒತ್ತಿದೆ... ಒಂದು ಗೆರೆಯೂ ಮೂಡಲಿಲ್ಲ. ಗುಜರಿಯವನು ಬಾಗಿಲಲ್ಲಿ ಕೂಗಿದ. ಕೊಡುವುದಿಲ್ಲ ಎಂದು ಹೇಳಿ ಕಳಿಸಿದೆ.