ಹಳದಿಗೆ ತಿರುಗಿದ ಬಾವುಟ

ನಂಗಲಿಯ ನಮ್ಮ ಮನೆಯಿಂದ ಹೆದ್ದಾರಿಯಲ್ಲಿ ಒಂದಿಷ್ಟು ದೂರ ಪೂರ್ವಕ್ಕೆ ಹೋದರೆ ಆಂಧ್ರ. ನಡುವೆ ಲಾರಿಗಳನ್ನು ತಡೆಯುವ ಗೇಟು ಬಿಟ್ಟರೆ ಬೇರೆ ಗುರುತೇನೂ ಇರಲಿಲ್ಲ. ಆಚೆಗೂ ಅದೇ ಹುಣಸೆಮರ, ಅದೇ ಕೆಂಪು ಮಣ್ಣು, ಅದೇ ಮಾತು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಹೀಗೇ ಬೆಳೆದೆ. ಇದರಲ್ಲೊಂದು ತೊಡಕಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಎಂಬತ್ತರ ದಶಕದ ಮೊದಲಲ್ಲಿ ಮಾಲೂರು ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲಿಗೆ ಕನ್ನಡ ಕಲಿಸಲು ಹೋದ ಮೇಲೆ ಹೇಳಿದರು.

"ಕನ್ನಡ ಮೇಡಮ್ಮೋರು ತೆಲುಗೋರಂತೆ ಕಣ್ರೋ" ಎಂಬ ಸುದ್ದಿ ನಾನು ಹೋದ ಒಂದು ವಾರದೊಳಗೇ ಊರೆಲ್ಲ ಹಬ್ಬಿತ್ತು. ನಾನು ಮಾತಿನ ಕೊನೆಯನ್ನು ಎಳೆಯುತ್ತೇನಂತೆ. ಗಣಿತದ ಮೇಷ್ಟರು ಸ್ಟಾಫ್ ರೂಮಿನಲ್ಲಿ ಹಾಗೇ ಎಳೆದು ತೋರಿಸಿ ಎಲ್ಲರನ್ನೂ ನಗಿಸುತ್ತಿದ್ದರು. ನಾನೂ ನಗುತ್ತಿದ್ದೆ, ಒಳಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ಅವರ ಮನೆಯಲ್ಲೂ ಎಮ್ಮೆಗೆ ಬಯ್ಯುತ್ತಿದ್ದದ್ದು ತೆಲುಗಿನಲ್ಲೇ, ನಾನೇ ಕಿವಿಯಾರೆ ಕೇಳಿದ್ದೇನೆ. ಆದರೆ ಅವರು ಆ ಊರಿನವರು, ನಾನು ಗಡಿಯಿಂದ ಬಂದವಳು.

ಒಬ್ಬ ಅಜ್ಜಿಯ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಸಂಜೆಗಳನ್ನು ಕಳೆಯುವುದೇ ಕಷ್ಟ. ಒಬ್ಬಳಿಗಾಗಿ ಮುದ್ದೆ ತಿರುವುವುದರಷ್ಟು ಬೇಸರದ ಕೆಲಸ ಇನ್ನೊಂದಿಲ್ಲ. ಎಷ್ಟು ಚಿಕ್ಕ ಪಾತ್ರೆ ಇಟ್ಟರೂ ಹಿಟ್ಟು ಹೆಚ್ಚೇ ಆಗುತ್ತಿತ್ತು. ಉಂಡು, ಪಾತ್ರೆ ತೊಳೆದು, ಬಾಗಿಲಲ್ಲಿ ಕೂತು ಬೀದಿ ನೋಡುತ್ತಿದ್ದೆ. ಹೋಗಿ ಬರುವವರು "ಊಟ ಆಯ್ತಾ ಮೇಡಂ?" ಎನ್ನುತ್ತಿದ್ದರು. ಆಯ್ತು ಎಂದರೆ ಅಲ್ಲಿಗೆ ಮುಗಿಯಿತು. ಯಾರೂ ಜಗಲಿಗೆ ಬಂದು ಕೂರಲಿಲ್ಲ. ನನಗೆ ಬೇಕಾಗಿದ್ದದ್ದು ಹೆಚ್ಚೇನಲ್ಲ. ಇವಳು ನಮ್ಮವಳು ಎಂದು ಆ ಊರಲ್ಲಿ ಒಬ್ಬರಾದರೂ ಅನ್ನಬೇಕಿತ್ತು, ಅಷ್ಟೇ. ಅದಕ್ಕಾಗಿ ನಾನು ಮಾತಿನ ಎಳೆತವನ್ನೂ ಕತ್ತರಿಸಿಕೊಂಡಿದ್ದೆ. ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ್ದೂ ಉಂಟು. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಒಂದು ವರ್ಷ ಊರಿನ ಹುಡುಗರ ಸಂಘದವರು ನಮ್ಮ ಶಾಲೆಯ ಅಂಗಳದಲ್ಲೇ ರಾಜ್ಯೋತ್ಸವ ಮಾಡುವುದೆಂದು ನಿಶ್ಚಯಿಸಿದರು. ಬಾವುಟ ತರಲು ಕೋಲಾರಕ್ಕೆ ಹೋದವನು ಹಿಂದಿನ ದಿನ ಬರಿಗೈಯಲ್ಲಿ ಬಂದ. ಎಲ್ಲ ಕಡೆ ಮುಗಿದುಹೋಗಿತ್ತಂತೆ. ಹೆಡ್ ಮಾಸ್ಟರು ತಲೆ ಮೇಲೆ ಕೈಹೊತ್ತು ಕೂತರು. ಮಾಲೂರಿಗೆ ಹೋಗಿ ಬಟ್ಟೆ ತರೋಣವೆಂದರೆ ಆ ಹೊತ್ತಿಗೆ ಬಸ್ಸಿರಲಿಲ್ಲ.

"ನಾನು ಮಾಡ್ತೀನಿ ಸಾರ್" ಎಂದೆ.

"ಬಟ್ಟೆ ಎಲ್ಲಮ್ಮಾ?"

"ನೀವು ಬಿಡಿ ಸಾರ್, ಬೆಳಿಗ್ಗೆ ತರ್ತೀನಿ."

ಲಂಗಕ್ಕೆಂದು ತಂದಿಟ್ಟ ಬಿಳಿ ಬಟ್ಟೆ ನನ್ನ ಟ್ರಂಕಿನಲ್ಲಿತ್ತು. ಅದನ್ನು ಅವರಿಗೆ ಹೇಳುವುದು ಹೇಗೆ? ಮನೆಗೆ ಬಂದು ಬಟ್ಟೆಯನ್ನು ಪೂರ್ತಿ ಅರಿಸಿನದ ನೀರಿನಲ್ಲಿ ಅದ್ದಿದೆ. ಆಮೇಲೆ ಅಜ್ಜಿಯ ಎಲೆಅಡಿಕೆ ಡಬ್ಬಿಯಿಂದ ಸುಣ್ಣ ಕೇಳಿ ತಂದು ಉಳಿದ ಅರಿಸಿನದ ನೀರಿಗೆ ಕದಡಿದೆ. ನೀರು ಕೆಂಪಗಾಯಿತು. ಮದುಮಕ್ಕಳಿಗೆ, ಬಾಣಂತಿಗೆ ಆರತಿ ಎತ್ತುವ ಓಕುಳಿ ನೀರು ಅದೇ. ಬಟ್ಟೆಯ ಕೆಳಗಿನ ಅರ್ಧವನ್ನು ಅದರಲ್ಲಿ ಮುಳುಗಿಸಿ ತೆಗೆದಾಗ ನನಗೇ ಆಶ್ಚರ್ಯವಾಯಿತು. ಮೇಲೆ ಹಳದಿ, ಕೆಳಗೆ ಕೆಂಪು, ನಡುವೆ ಗೆರೆ ಎಳೆದಂತೆ ನೇರ. ಕೋಣೆಯೊಳಗೇ ಹಗ್ಗ ಕಟ್ಟಿ ಒಣಹಾಕಿದೆ. ಆ ಸಂಜೆ ನನಗೆ ಒಂಟಿ ಅನ್ನಿಸಲಿಲ್ಲ. ಹಗ್ಗದ ಮೇಲೆ ಯಾರೋ ನೆಂಟರು ಬಂದು ಕೂತ ಹಾಗಿತ್ತು.

ಬೆಳಿಗ್ಗೆ ಊರಿನ ಹೆಂಗಸರೂ ಬಂದಿದ್ದರು. ಬಾವುಟ ಬಿದಿರಿನ ಗಳದ ತುದಿಗೇರಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಗಣಿತದ ಮೇಷ್ಟರೇ "ಪರವಾಗಿಲ್ವೇ, ಅಂಗಡಿದೇ ಅನ್ಸುತ್ತೆ" ಎಂದರು. ನನಗೆ ಎದೆ ಉಬ್ಬಿ ಬಂತು. ನನ್ನ ಮಕ್ಕಳು ಹಾಡಲು ನಿಂತರು, ಅಷ್ಟರಲ್ಲಿ ಸೋನೆ ಹಿಡಿಯಿತು. ನಮ್ಮ ಕಡೆಯ ನವೆಂಬರಿನ ಸೋನೆ, ಜೋರಿಲ್ಲ, ಬಿಡುವುದೂ ಇಲ್ಲ.

ಮೊದಲು ನೋಡಿದವಳು ನಾನೇ. ಕೆಂಪಿನ ಅಂಚಿನಲ್ಲಿ ಕೆಂಚು ಬಣ್ಣ ಕಾಣಿಸಿತು, ಆಮೇಲೆ ಹಳದಿಯ ಮಚ್ಚೆಗಳು. ಮಳೆನೀರಿಗೆ ಸುಣ್ಣ ತೊಳೆದುಹೋಗುತ್ತಿತ್ತು. ಸುಣ್ಣ ಹೋದರೆ ಉಳಿಯುವುದು ಬರೀ ಅರಿಸಿನ. ಮಕ್ಕಳ ಹಾಡು ಮುಗಿಯುವ ಹೊತ್ತಿಗೆ ಗಳದ ಮೇಲೆ ಇದ್ದದ್ದು ಮೇಲಿನಿಂದ ಕೆಳಗಿನವರೆಗೆ ಹಳದಿ ಬಟ್ಟೆ.

ಆಗ ಆಂಧ್ರದಲ್ಲಿ ಹೊಸ ಪಕ್ಷವೊಂದು ಎದ್ದು ಗೆದ್ದಿತ್ತು. ಅದರ ಬಾವುಟ ಹಳದಿ. ಅದನ್ನು ಕಟ್ಟಿಕೊಂಡ ಲಾರಿಗಳು ಕೋಲಾರದ ರಸ್ತೆಯಲ್ಲೂ ಓಡಾಡುತ್ತಿದ್ದವು.

"ಲೇ, ನೋಡ್ರೋ! ಮೇಡಮ್ಮೋರು ಅವ್ರ ಕಡೆ ಬಾವುಟಾನೇ ಏರ್ಸವ್ರೆ!" ಎಂದು ಸಂಘದವರಲ್ಲೊಬ್ಬ ಕೂಗಿದ.

ಅಂಗಳವೇ ನಕ್ಕಿತು. ಅವನು ತಮಾಷೆಗೆ ಅಂದಿದ್ದಿರಬಹುದು. ಆದರೆ ನಗು ನಿಂತ ಮೇಲೂ ಕೆಲವರು ನನ್ನನ್ನು ನೋಡುತ್ತಲೇ ಇದ್ದರು, ಆ ನೋಟದಲ್ಲಿ ತಮಾಷೆ ಇರಲಿಲ್ಲ.

ಹೆಡ್ ಮಾಸ್ಟರು ಹತ್ತಿರ ಬಂದು ಮೆಲ್ಲಗೆ ಕೇಳಿದರು. "ಏನಮ್ಮಾ ಇದು?"

"ಓಕುಳಿ ಬಣ್ಣ ಸಾರ್. ಸುಣ್ಣ ತೊಳ್ಕೊಂಡು ಹೋಯ್ತು."

"ಓಕುಳೀಲಿ ಯಾರಮ್ಮಾ ಬಾವುಟ ಮಾಡ್ತಾರೆ?"

ನಾನು ಹೆಂಗಸರ ಕಡೆ ತಿರುಗಿದೆ. ಅಲ್ಲಿದ್ದವರಲ್ಲಿ ಓಕುಳಿ ಕಲಸದ ಕೈ ಒಂದೂ ಇರಲಾರದು. ಸುಣ್ಣ ಹೋದರೆ ಏನಾಗುತ್ತದೆಂದು ಅವರೆಲ್ಲರಿಗೂ ಗೊತ್ತು. ನನಗೆ ಸುಣ್ಣ ಕೊಟ್ಟ ಅಜ್ಜಿಯೂ ಅಲ್ಲೇ ನಿಂತಿದ್ದಳು. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಮಳೆ ನೋಡತೊಡಗಿದಳು. ಒಬ್ಬರೂ ಬಾಯಿ ಬಿಡಲಿಲ್ಲ. ಹುಡುಗರು ನಕ್ಕದ್ದನ್ನು ಯಾವತ್ತೋ ಮರೆತೆ. ಹೆಂಗಸರು ಸುಮ್ಮನಿದ್ದದ್ದನ್ನು ಮಾತ್ರ ಇಂದಿಗೂ ನುಂಗಿಕೊಳ್ಳಲಾಗಿಲ್ಲ.

ಬಟ್ಟೆಯನ್ನು ಇಳಿಸಿ, ಮುದ್ದೆ ಮಾಡಿ ನನ್ನ ಕೈಗೆ ಕೊಟ್ಟರು. ಒದ್ದೆ ಬಟ್ಟೆ ಹಿಡಿದುಕೊಂಡೇ ಮನೆಗೆ ನಡೆದೆ. ಅಜ್ಜಿ ಆ ದಿನ ನನಗೆ ಕರಿದ ಹಪ್ಪಳ ಕಳಿಸಿದಳು. ತಿನ್ನಲಿಲ್ಲ.

ಅದರಿಂದ ದೊಡ್ಡ ಗಲಾಟೆಯೇನೂ ಆಗಲಿಲ್ಲ. ಮರುವರ್ಷ ರಾಜ್ಯೋತ್ಸವ ಹತ್ತಿರ ಬಂದಾಗ ಹೆಡ್ ಮಾಸ್ಟರು ನನ್ನನ್ನು ಕರೆದು, "ನೀವು ಊರಿಗೆ ಹೋಗಿಬನ್ನಿ ಮೇಡಂ. ಇಲ್ಲಿ ನಾವು ನೋಡ್ಕೋತೀವಿ" ಎಂದರು. ಒಳ್ಳೆಯ ಮನುಷ್ಯ, ಬೇಸರವಾಗದ ಹಾಗೆ ಹೇಳಬೇಕೆಂದು ಪಾಪ ಬಹಳ ಪ್ರಯತ್ನಪಟ್ಟರು. ರಾಜ್ಯೋತ್ಸವದ ಬೆಳಿಗ್ಗೆ ಹೊರಡುವಾಗ ಆ ಹಳದಿ ಬಟ್ಟೆಯನ್ನು ಟ್ರಂಕಿನಿಂದ ತೆಗೆದು ಚೀಲದೊಳಗೆ ಹಾಕಿಕೊಂಡೆ. ಯಾಕೆಂದು ನನಗೂ ಗೊತ್ತಿರಲಿಲ್ಲ.

ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಬಾವುಟ, ಮುಳಬಾಗಿಲಿನಲ್ಲಿ ಬಾವುಟ. ಮುಳಬಾಗಿಲು ದಾಟಿದ ಮೇಲೆ ಕಂಡಕ್ಟರು ಟಿಕೆಟ್ ಕೇಳುವುದೂ ತೆಲುಗಿನಲ್ಲೇ. ನಂಗಲಿಯಲ್ಲಿ ಇಳಿದೆ. ರಸ್ತೆ ಬದಿಯ ನಮ್ಮಣ್ಣನ ಟೀ ಅಂಗಡಿಯಲ್ಲಿ ಪಲಮನೇರಿನ ಸೋದರಮಾವ ಕೂತಿದ್ದ. ಅವನ ಆಂಧ್ರ ಹುಟ್ಟಿದ್ದೂ ಅದೇ ನವೆಂಬರ್ ಒಂದಕ್ಕೆ. ಅದು ಅವನಿಗೆ ನೆನಪಿರಲಿಲ್ಲ.

"ಈಪೊದ್ದು ಮೀ ಪಂಡಗ ಕದಮ್ಮಾ, ಈಡಿಕೊಚ್ಚಿನಾವೇ?" ಎಂದ. ಇವತ್ತು ನಿಮ್ಮ ಹಬ್ಬ ಅಲ್ಲವೇ, ಇಲ್ಲಿಗೆ ಬಂದಿದ್ದೀಯಲ್ಲ ಎಂದು.

ಅಣ್ಣನೂ ಸೇರಿಕೊಂಡು ನಕ್ಕ. ಅಲ್ಲಿ ನಾನು ತೆಲುಗಿನವಳು, ಇಲ್ಲಿ ಕನ್ನಡದವಳು. ಟೀ ಬೇಡವೆಂದು ಸೀದಾ ಹಿತ್ತಲಿಗೆ ಹೋದೆ.

ಹಿತ್ತಲಿನ ಕಟ್ಟೆಯ ಮೇಲೆ ಅಮ್ಮ ಎಲೆ ಹಾಕಿಕೊಳ್ಳುತ್ತ ಕೂತಿದ್ದಳು. ಪಕ್ಕದಲ್ಲಿ ಕೂತು ಚೀಲದಿಂದ ಬಟ್ಟೆ ತೆಗೆದು ಮೊಣಕಾಲ ಮೇಲೆ ಹರಡಿಕೊಂಡೆ. ಅವಳ ಡಬ್ಬಿಯಿಂದ ಬೆರಳಲ್ಲಿ ಒಂದಿಷ್ಟು ಸುಣ್ಣ ತೆಗೆದು, ನೀರು ಹನಿಸಿ, ಕೆಳಗಿನ ಅರ್ಧಕ್ಕೆ ಉಜ್ಜತೊಡಗಿದೆ. ಉಜ್ಜಿದಲ್ಲೆಲ್ಲ ಕೆಂಪು ಮರಳಿ ಬಂತು. ಅಮ್ಮ ಅಗಿಯುವುದನ್ನು ನಿಲ್ಲಿಸಿ ನೋಡಿದಳು.

"ಏಮದಿ?" ಏನದು ಎಂದು.

"ಜೆಂಡಾ" ಎಂದೆ. ಬಾವುಟ.

"ಎವರಿದೇ?"

ಯಾರದೇ ಎಂದು ಕೇಳಿದಳು. ಆ ಹಳ್ಳಿಯಲ್ಲಿ ಯಾರೂ ಇದನ್ನು ನನ್ನನ್ನು ಕೇಳಿರಲಿಲ್ಲ, ತಾವೇ ಹೇಳಿಬಿಟ್ಟಿದ್ದರು.

"ನಾದಿ" ಎಂದೆ. ನಂದು.

ಅಮ್ಮ ತಲೆಯೆತ್ತಿ ಆಕಾಶ ನೋಡಿದಳು. ನಿಂದಾದರೆ ಮಡಿಸಿ ಒಳಗಿಡೇ, ಮಳೆ ಬರ್ತಾ ಇದೆ ಎಂದು ತೆಲುಗಿನಲ್ಲಿ ಹೇಳಿದಳು.