ಹತ್ತು ಸೆಂಟಿಮೀಟರ್ ಕಳ್ಳತನ

ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಕರಿಬಸಪ್ಪನವರು ಇಪ್ಪತ್ತೆಂಟು ವರ್ಷ ಮಾಲು ಪರೀಕ್ಷಿಸುವ ಇನ್‌ಸ್ಪೆಕ್ಟರ್. ಅವರ ಮೇಜಿನ ಮೇಲಿಟ್ಟರೆ ಹುಣ್ಣಿಮೆಯ ಚಂದ್ರನೂ ಒಂದು ಕಡೆ ಚಪ್ಪಟೆ ಅನ್ನಿಸಿಕೊಂಡು ರಿಜೆಕ್ಟಿನ ಕೆಂಪು ಬಣ್ಣ ಬಳಿಸಿಕೊಳ್ಳುತ್ತಿದ್ದ. ಟೇಪಿನ ಸವೆದ ತುದಿಯನ್ನಂತೂ ಅವರು ನಂಬುತ್ತಲೇ ಇರಲಿಲ್ಲ. ಹತ್ತು ಸೆಂಟಿಮೀಟರಿನ ಗೆರೆಯಿಂದ ಹಿಡಿದು, ಬಂದ ಅಳತೆಯಲ್ಲಿ ಹತ್ತು ಕಳೆಯುತ್ತಿದ್ದರು. ಲಗ್ಗೆರೆಯ ಲೇತ್ ಟರ್ನರ್ ಚಿನ್ನಪ್ಪನ ಶಾಫ್ಟುಗಳನ್ನು ಅವರು ವಾಪಸ್ ಮಾಡಿದ್ದು ಎಷ್ಟೆಂದರೆ, ತುದಿಗೆ ತುದಿ ಜೋಡಿಸಿದ್ದರೆ ತುಮಕೂರು ದಾಟುತ್ತಿತ್ತು. ರೀವರ್ಕ್ ಮಾಡ್ತೀನಿ ಸಾರ್ ಅಂತ ಚಿನ್ನಪ್ಪ ಗೋಗರೆದರೆ ಒಂದೇ ಉತ್ತರ: "ಸ್ಕ್ರ್ಯಾಪ್."

ನಿವೃತ್ತಿಯಾದ ಮೇಲೆ ರಿಜೆಕ್ಟ್ ಮಾಡಲು ಏನೂ ಸಿಗದೆ ಕರಿಬಸಪ್ಪನವರು ಇತಿಹಾಸಕ್ಕೆ ಕೈ ಹಾಕಿದರು. ಐನೂರು ವರ್ಷದ ಹಿಂದೆ ಹೊಲ ಅಳೆಯುವ ಕೋಲಿನ ಉದ್ದವನ್ನು ಕಲ್ಲಿನ ಮೇಲೆ ಗೀರಿ ಇಡುತ್ತಿದ್ದರಂತೆ. ಅಂಥ ಒಂದು ಗೀರು ಲಗ್ಗೆರೆಯ ಹಳೇ ಗುಡಿಯ ಗೋಡೆಯಲ್ಲಿತ್ತು. ಇನ್ನೊಂದು, ಗ್ರಹಚಾರಕ್ಕೆ, ಚಿನ್ನಪ್ಪನ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನಲ್ಲಿ. ಅಳೆಯಲು ಹೋದಾಗ ಚಿನ್ನಪ್ಪ ಕಾಫಿ ಇರಲಿ, ನೆರಳೂ ಕೊಡಲಿಲ್ಲ. ಟೇಪು ಸುತ್ತುವವರೆಗೂ ಪಕ್ಕದಲ್ಲೇ ನಿಂತು, ಇಪ್ಪತ್ತೆಂಟು ವರ್ಷದ ಬೈಗುಳವನ್ನು ಬಡ್ಡಿ ಸಮೇತ ಒಪ್ಪಿಸಿದ.

ಆರು ತಿಂಗಳಿಗೆ ಅರವತ್ತು ಪುಟದ ಪ್ರಬಂಧ ತಯಾರಾಯಿತು. ಗುಡಿಯ ಕೋಲಿಗಿಂತ ಹಿತ್ತಲಿನ ಕೋಲು ಉದ್ದ. ಆದ್ದರಿಂದ ಊರಗೌಡರು ರೈತರಿಂದ ನೆಲ ತೆಗೆದುಕೊಳ್ಳುವಾಗ ಉದ್ದದ ಕೋಲು, ದೇವರಿಗೆ ಬಿಡುವಾಗ ಗಿಡ್ಡ ಕೋಲು ಹಿಡಿದಿದ್ದಾರೆ ಅನ್ನುವುದು ವಾದ. ಆ ಗೌಡರು ಚಿನ್ನಪ್ಪನ ವಂಶದವರೇ ಎಂದು ಅಡಿಟಿಪ್ಪಣಿ.

ಜಾಲಹಳ್ಳಿಯ ವಿಚಾರ ಸಂಕಿರಣದಲ್ಲಿ ಒಪ್ಪಿಗೆಯಾದರೆ ಪ್ರಬಂಧ ಅಚ್ಚಾಗುವುದಿತ್ತು. ಕರಿಬಸಪ್ಪನವರು ಇಸ್ತ್ರಿ ಮುರಿಯದ ಹಾಗೆ ನಿಂತು ಓದಿದರು. ಮುಗಿದ ಕೂಡಲೇ ತನ್ನ ವಂಶದ ಸುದ್ದಿ ಕೇಳಿ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ ಚಿನ್ನಪ್ಪ ಎದ್ದ.

"ಎಷ್ಟು ಜಾಸ್ತಿ ಅಂದ್ರಿ ಸಾರ್?"

"ಹತ್ತು ಸೆಂಟಿಮೀಟರ್. ಕೂದಲೆಳೆಯಷ್ಟೂ ಆಚೀಚೆ ಇಲ್ಲ."

"ಐನೂರು ವರ್ಷದ ಹಿಂದೆ ನಮ್ಮ ಮುತ್ತಾತ ಸೆಂಟಿಮೀಟರ್ ಲೆಕ್ಕದಲ್ಲಿ ಕದ್ದನಾ? ಗುಡೀಲಿ ನಿಮ್ಮ ಅಭ್ಯಾಸದಂತೆ ಹತ್ತು ಕಳೆದಿರ್ತೀರಿ. ನಮ್ಮ ಹಿತ್ತಲಲ್ಲಿ ಕಳೆದ್ರಾ?"

ಕರಿಬಸಪ್ಪನವರು ಟಿಪ್ಪಣಿ ಪುಸ್ತಕ ತೆಗೆದು ನೋಡಿದರು. ಗುಡಿಯ ಅಳತೆಯ ಕೆಳಗೆ ಹತ್ತು ಕಳೆದು ಬರೆದಿತ್ತು. ಹಿತ್ತಲಿನದರ ಕೆಳಗೆ ಬರೀ ಸೋಪಿನ ನೀರಿನ ಕಲೆ.

ಅಧ್ಯಕ್ಷತೆ ವಹಿಸಿದ್ದ ಮಂಜುಶ್ರೀ ಮೇಡಂ ಪಾಪ, ತಿದ್ದಿ ಮತ್ತೆ ಕೊಡಿ ಎಂದರು. ಚಿನ್ನಪ್ಪ ಕೂರಲಿಲ್ಲ.

"ಸ್ಕ್ರ್ಯಾಪ್," ಅಂದ.

ಕರಿಬಸಪ್ಪನವರು ಜೇಬಿನಿಂದ ಕೆಂಪು ಪೆನ್ನು ತೆಗೆದು, ಅಲ್ಲೇ ಕೂತು, ಪುಟಪುಟಕ್ಕೂ ಅಡ್ಡಗೆರೆ ಎಳೆದರು. ಚಿನ್ನಪ್ಪ ಬೆನ್ನ ಹಿಂದೆ ನಿಂತು ನೋಡುತ್ತಿದ್ದ. ನಲವತ್ತೊಂದನೇ ಪುಟ ಬಿಟ್ಟುಹೋಗಿತ್ತು, ಬೆರಳಿಟ್ಟು ತೋರಿಸಿದ.