ಊರು ಉಳಿಸುವ ಗಲಾಟೆ

ಸಾವಿರಾರು ಮಂದಿ ಕಂಪ್ಯೂಟರ್ ಆಟವೊಂದರಲ್ಲಿ ಕಟ್ಟಿ ಆಡುತ್ತಿದ್ದ ಊರನ್ನು ಆ ಆಟದ ಕಂಪನಿ ಮುಚ್ಚುತ್ತದೆಂದು ತಿಳಿದಾಗಿನಿಂದ ಹೊಲಿಗೆಯಕ್ಕನಿಗೆ ಬಿಡುವಿರಲಿಲ್ಲ. ವರ್ಷಗಟ್ಟಲೆ ಸಾಕಿದ ತೋಟವೊಂದು ಅವಳಿಗೆ ಅಲ್ಲಿತ್ತು. ಅಂಗಡಿಯಲ್ಲಿ ಅಂಗಿಗಳಿಗೆ ಗುಂಡಿ ಹೊಲಿಯುತ್ತಲೇ ಆಟದ ಜೊತೆಗಾರರಿಗೆಲ್ಲ ಫೋನು ಮಾಡಿ ಊರು ಮುಚ್ಚಬೇಡಿರೆಂಬ ಮನವಿಗೆ ಸಹಿ ಹಾಕಿಸುತ್ತಿದ್ದಳು. ಕಣ್ಣು ಉರಿಯುತ್ತಿತ್ತು, ಬೆನ್ನು ಮಾತು ಕೇಳುತ್ತಿರಲಿಲ್ಲ.

ಕೊನೆಗೂ ಕಂಪನಿಯ ಉತ್ತರ ಬಂತು: ಈ ತಿಂಗಳು ಊರಿಗೆ ಕಾಲಿಟ್ಟವರೇ ಇಲ್ಲ, ಯಾರಿಗಾಗಿ ನಡೆಸಬೇಕು?

"ಬರೀ ಸುಳ್ಳು!" ಎಂದಳು.

"ನೀನು ಯಾವಾಗ ಹೋಗಿದ್ದೆ?" ಎಂದು ಗಂಡ ಕೇಳಿದ. "ಊರು ಉಳಿಸೋ ಗಲಾಟೇಲಿ ಊರಿಗೇ ಹೋಗಿಲ್ವಲ್ಲೇ!"

ಹೋರಾಟಕ್ಕಿಳಿದ ಮೇಲೆ ಒಬ್ಬರಿಗೂ ಅತ್ತ ಹೋಗಲು ಪುರಸೊತ್ತಾಗಿರಲಿಲ್ಲ. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಕಂಪ್ಯೂಟರ್ ತೆರೆದಳು. ತೋಟ ಒಣಗಿತ್ತು. ಊರು ಮುಚ್ಚಲು ಇನ್ನೆರಡು ದಿನವಿತ್ತು. ಸುಮ್ಮನೆ ಕುಳಿತು ನೀರು ಹಾಕತೊಡಗಿದಳು. ಫೋನು ಹೊಡೆದುಕೊಳ್ಳುತ್ತಲೇ ಇತ್ತು, ಎತ್ತಲಿಲ್ಲ.